ಕಾಟ್ಲಾಗೆ ಮೂರು ಹೆಸರು: ರಸೀದಿ ನಂಬಬೇಕೋ, ಮೀನಿನ ಬಾಯಿ ನೋಡಬೇಕೋ?

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯವನು. ಮೂರು ಜನ ಸೇರಿ ಊರ ಹತ್ತಿರದ ಸಣ್ಣ ಕೆರೆಯೊಂದನ್ನು ಗುತ್ತಿಗೆ ಹಿಡಿದಿದ್ದೇವೆ. ಹೋದ ಆಗಸ್ಟ್‌ನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ತಂದು ಬಿಟ್ಟೆವು. ಕಾಟ್ಲಾ ಮರಿಯ ರಸೀದಿಯಲ್ಲಿ ‘ಕಾಟ್ಲ ಕಾಟ್ಲ (ಹ್ಯಾಮ್.)’ ಎಂದು ಬರೆದಿದ್ದಾರೆ. ಈಗ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಅರ್ಜಿ ಹಾಕಲು ಹೋದರೆ ಅಲ್ಲಿಯ ಪಟ್ಟಿಯಲ್ಲಿ ‘ಲೇಬಿಯೊ ಕಾಟ್ಲ’ ಇದೆ. ಬಿ.ಎಸ್ಸಿ. ಓದುವ ಮಗಳು ತನ್ನ ಪುಸ್ತಕದಲ್ಲಿ ‘ಗಿಬೆಲಿಯನ್ ಕಾಟ್ಲ’ ಇದೆ ಅನ್ನುತ್ತಾಳೆ. ಕೆರೆ ಏರಿ ಮೇಲೆ ಸಿಕ್ಕ ಒಬ್ಬರು, ‘ಲೇಬಿಯೊ ಅಂದ್ರೆ ರೋಹು ಕಣ್ರೀ, ನಿಮಗೆ ಕ್ರಾಸ್ ಮರಿ ಕೊಟ್ಟಿದ್ದಾರೆ’ ಎಂದರು. ಮೊನ್ನೆ ಬೀಸುಬಲೆ ಹಾಕಿ ನೋಡಿದಾಗ ಕೆಲವು ಕಾಟ್ಲಾಗಳ ತಲೆ ನಿಜವಾಗಲೂ ಚಿಕ್ಕದಾಗಿ ಕಂಡಿತು. ನಾವು ಮೋಸ ಹೋದೆವಾ? ಅರ್ಜಿಯಲ್ಲಿ ಯಾವ ಹೆಸರು ಬರೆಯಬೇಕು? ಈ ಮೀನನ್ನೆಲ್ಲ ತೆಗೆದು ಹೊಸ ಮರಿ ಬಿಡಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಚಿಂತೆಗಳು ಗಂಟು ಬಿದ್ದಿವೆ. ಒಂದು ಕಾಗದದ ಮೇಲಿನದು: ಒಂದೇ ಮೀನಿಗೆ ಮೂರು ಹೆಸರು ಯಾಕೆ ಅನ್ನೋದು. ಇನ್ನೊಂದು ನೀರಿನೊಳಗಿನದು: ನಾನು ಬಿಟ್ಟಿದ್ದು ನಿಜವಾದ ಕಾಟ್ಲಾನೇ ಹೌದಾ ಅನ್ನೋದು. ಇವೆರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಏರಿ ಮೇಲೆ ಮಾತಾಡಿದವರು ಎರಡನ್ನೂ ಸೇರಿಸಿ ನಿಮ್ಮ ನಿದ್ದೆ ಕೆಡಿಸಿದ್ದಾರೆ. ಆದರೆ ಅವರ ಮಾತು ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. ಹೆಸರಿನ ವಿಷಯದಲ್ಲಿ ಅವರು ತಪ್ಪು. ಕ್ರಾಸ್ ಮರಿ ಅನ್ನುವ ಭಯ ಮಾತ್ರ ಬೇರೆ ಕಾರಣಕ್ಕೆ ನಿಜವಾಗಿರಬಹುದು.

ಮೊದಲು ಕಾಗದ ನೋಡೋಣ. ಕಾಟ್ಲ ಕಾಟ್ಲ, ಗಿಬೆಲಿಯನ್ ಕಾಟ್ಲ, ಲೇಬಿಯೊ ಕಾಟ್ಲ, ಮೂರೂ ಒಂದೇ ಮೀನು. ವೈಜ್ಞಾನಿಕ ಹೆಸರಿನಲ್ಲಿ ಎರಡು ಪದ ಇರುತ್ತವೆ. ಮೊದಲನೆಯದು ಮನೆತನ, ಎರಡನೆಯದು ಆ ಮೀನಿನ ಸ್ವಂತ ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಬರುತ್ತದಲ್ಲ, ಹಾಗೆ. ನಿಮ್ಮ ಮೂರು ಕಾಗದಗಳಲ್ಲೂ ಎರಡನೇ ಪದ ಒಂದೇ ಇದೆ, ನೋಡಿ. ಬದಲಾಗಿರೋದು ಇನಿಷಿಯಲ್ ಮಾತ್ರ.

‘ಲೇಬಿಯೊ ಅಂದ್ರೆ ರೋಹು’ ಅನ್ನೋದೂ ಸರಿಯಲ್ಲ. ಲೇಬಿಯೊ ಅನ್ನೋದು ದೊಡ್ಡ ಮನೆತನ. ಆಫ್ರಿಕಾ, ಏಷ್ಯಾ ಎರಡೂ ಸೇರಿ ಅದರಲ್ಲಿ ಸುಮಾರು ನೂರು ಜಾತಿಗಳಿವೆ. ರೋಹು ಅಂದರೆ ಲೇಬಿಯೊ ರೋಹಿತ ಅವುಗಳಲ್ಲಿ ಒಂದು. ನಮ್ಮ ಕಾವೇರಿಯದೇ ಆದ ಲೇಬಿಯೊ ಕೊಂಟಿಯಸ್ ಇನ್ನೊಂದು. ಕೃಷ್ಣೆ, ಕಾವೇರಿಗಳಲ್ಲಿರುವ ಲೇಬಿಯೊ ಫಿಂಬ್ರಿಯೇಟಸ್ ಮತ್ತೊಂದು. ಇನಿಷಿಯಲ್ ಒಂದೇ ಆದ ಮಾತ್ರಕ್ಕೆ ಇಬ್ಬರು ಒಂದೇ ಆಗೋದಿಲ್ಲ. ಕ್ರಾಸ್ ಮೀನಿನ ಹೆಸರು ಬರೆಯುವ ಕ್ರಮವೂ ಬೇರೆ. ಎರಡೂ ಜಾತಿಗಳ ಹೆಸರು ಬರೆದು ನಡುವೆ ಗುಣಾಕಾರದ ಗುರುತು ಹಾಕುತ್ತಾರೆ. ನಿಮ್ಮ ಅರ್ಜಿಯಲ್ಲಿ ಅಂಥ ಗುರುತು ಇಲ್ಲ ಅಲ್ವಾ? ಹಾಗಾದರೆ ಅದು ಶುದ್ಧ ಕಾಟ್ಲಾದ ಹೆಸರೇ.

ಮನೆತನ ಯಾಕೆ ಬದಲಾಯಿತು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಕತೆ ನಿಮ್ಮ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯವರು ಒಬ್ಬ ವೈದ್ಯರನ್ನು ಈ ಸೀಮೆ ನೋಡಿ ಬರಲು ಕಳಿಸಿದರು. ಅವರ ಹೆಸರು ಫ್ರಾನ್ಸಿಸ್ ಬುಕಾನನ್. 1800 ಮತ್ತು 1801ರಲ್ಲಿ ಅವರು ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದರು. ಶ್ರೀರಂಗಪಟ್ಟಣದಲ್ಲೂ ಇದ್ದರು. ಬೆಳೆ, ಕೆರೆ, ಜನ, ಕಸುಬು ಎಲ್ಲವನ್ನೂ ಬರೆದಿಟ್ಟರು. ಆಮೇಲೆ ಬಂಗಾಳದ ಸಮೀಕ್ಷೆಗೆ ಹೋದರು. ಅಲ್ಲಿ ಗಂಗೆಯ ಮೀನುಗಳ ಹಿಂದೆ ಬಿದ್ದರು. ಮುಂದೆ ತಾಯಿಯ ಕಡೆಯ ಆಸ್ತಿ ಬಂದಾಗ ತಮ್ಮ ಹೆಸರನ್ನೇ ಹ್ಯಾಮಿಲ್ಟನ್ ಎಂದು ಬದಲಿಸಿಕೊಂಡರು. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಅವರ ಪುಸ್ತಕ ಬಂತು. ಕಾಟ್ಲಾ, ರೋಹು, ಇವುಗಳಂತೆಯೇ ಕೆರೆಗೆ ಬಿಡುವ ಮೃಗಾಲ್, ಈ ಮೂರಕ್ಕೂ ವೈಜ್ಞಾನಿಕ ಹೆಸರು ಮೊದಲು ಸಿಕ್ಕಿದ್ದು ಆ ಪುಸ್ತಕದಲ್ಲೇ.

ನಿಮ್ಮ ರಸೀದಿಯ ‘ಹ್ಯಾಮ್.’ ಅಂದರೆ ಈ ಹ್ಯಾಮಿಲ್ಟನ್ನೇ. ಅದು ತಳಿಯ ಹೆಸರಲ್ಲ. ಹಳೆಯ ಪುಸ್ತಕಗಳಲ್ಲಿ ‘ಹ್ಯಾಮಿಲ್ಟನ್-ಬುಕಾನನ್’ ಅಂತಲೂ ಕಾಣುತ್ತದೆ. ಇಬ್ಬರಲ್ಲ, ಒಬ್ಬರೇ.

ಆ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ವಿಷಯ ಇದೆ. ಅವರು ಮೀನುಗಳಿಗೆ ಹೊಸ ಲ್ಯಾಟಿನ್ ಹೆಸರು ಕಟ್ಟುತ್ತಾ ಕೂರಲಿಲ್ಲ. ಅಲ್ಲಿಯ ಜನ ಏನೆಂದು ಕರೆಯುತ್ತಿದ್ದರೋ ಅದನ್ನೇ ಎತ್ತಿಕೊಂಡರು. ಬಂಗಾಳದವರ ಕಾತ್ಲಾ ‘ಕಾಟ್ಲ’ ಆಯಿತು. ರುಯಿ, ರೋಹಿತ ಅನ್ನುತ್ತಿದ್ದದ್ದು ‘ರೋಹಿತ’ ಆಯಿತು. ಮೃಗೆಲ್ ‘ಮೃಗಾಲ’ ಆಯಿತು. ಇನ್ನೂರು ವರ್ಷದ ಹಿಂದೆ ಗಂಗೆಯ ದಡದಲ್ಲಿ ಬಲೆ ಎಳೆಯುತ್ತಿದ್ದವರ ಮಾತು ಇವತ್ತು ನಿಮ್ಮ ಸಾಲದ ಅರ್ಜಿಯಲ್ಲಿ ಕೂತಿದೆ. ನಮ್ಮಲ್ಲಿ ಈ ಮೀನಿಗೆ ಹಳೆಯ ಕನ್ನಡ ಹೆಸರು ಬಳಕೆಯಲ್ಲಿ ಇಲ್ಲದಿರೋದಕ್ಕೂ ಕಾರಣ ಇದೇ. ಕಾಟ್ಲಾ ನಮ್ಮ ನದಿಗಳ ಮೀನಲ್ಲ. ಗಂಗೆ, ಬ್ರಹ್ಮಪುತ್ರ, ಸಿಂಧೂ ಕಡೆಯದು. ಅದನ್ನು ದಕ್ಷಿಣಕ್ಕೆ ತಂದು ಬಿಟ್ಟರು. ಮೀನಿನ ಜೊತೆ ಹೆಸರೂ ಬಂತು.

ಹ್ಯಾಮಿಲ್ಟನ್ ಈ ಮೀನನ್ನು ಸಿಪ್ರಿನಸ್ ಮನೆತನಕ್ಕೆ ಸೇರಿಸಿದ್ದರು. ಆಗ ಸಿಪ್ರಿನಸ್ ಅನ್ನೋದು ದೊಡ್ಡ ಗೋಣಿಚೀಲ ಇದ್ದ ಹಾಗೆ. ಗೆಂಡೆಯ ಥರ ಕಾಣುವ ಮೀನೆಲ್ಲ ಅದರೊಳಗೆ. ಬರಬರುತ್ತಾ ತಜ್ಞರು ಚೀಲ ಬಿಚ್ಚಿ ವಿಂಗಡಿಸಿದರು. ಕಾಟ್ಲಾದ ಅಗಲ ತಲೆ, ಮೇಲಕ್ಕೆ ತೆರೆಯುವ ಬಾಯಿ, ಮೀಸೆ ಇಲ್ಲದ ಮುಖ ನೋಡಿ, ಇದು ಬೇರೆಯೇ ಮನೆತನ ಅಂದುಕೊಂಡರು. 1843ರಲ್ಲಿ ಹೆಕೆಲ್ ಎಂಬ ತಜ್ಞ ಗಿಬೆಲಿಯನ್ ಎಂಬ ಹೆಸರು ಕೊಟ್ಟರು. ಮರುವರ್ಷವೇ ಫ್ರಾನ್ಸಿನ ವಾಲೆನ್ಸಿಯೆನ್ ಕಾಟ್ಲ ಎಂಬ ಮನೆತನದ ಹೆಸರು ಕೊಟ್ಟರು. ನಿಯಮದ ಪ್ರಕಾರ ಮೊದಲು ಇಟ್ಟ ಹೆಸರೇ ಗೆಲ್ಲಬೇಕು. ಆದರೆ ಭಾರತದಲ್ಲಿ ಬಳಕೆಗೆ ಬಂದದ್ದು ಕಾಟ್ಲ ಕಾಟ್ಲ. ಮನೆತನದ ಹೆಸರೂ ಸ್ವಂತ ಹೆಸರೂ ಒಂದೇ ಆಗೋದು ಗಿಡಮರಗಳ ಹೆಸರಿನಲ್ಲಿ ನಿಷಿದ್ಧ. ಪ್ರಾಣಿಗಳಿಗೆ ಅಡ್ಡಿ ಇಲ್ಲ. ನಾನು ಓದಿದ್ದೂ ಕಾಟ್ಲ ಕಾಟ್ಲ ಅಂತಲೇ. ಕೈ ಇವತ್ತಿಗೂ ತಾನಾಗಿ ಅದನ್ನೇ ಬರೆಯುತ್ತದೆ. ಆಮೇಲೆ ಹಳೆಯ ಹೆಸರಿಗೇ ಹಕ್ಕು ಎಂದು ಕೆಲವರು ಗಿಬೆಲಿಯನ್ ಬಳಸಲು ಶುರು ಮಾಡಿದರು. ನಿಮ್ಮ ಮಗಳ ಪುಸ್ತಕ ಆ ದಾರಿಯದು.

ಕಾಟ್ಲಾವನ್ನು ಲೇಬಿಯೊ ಮನೆತನಕ್ಕೆ ತಂದದ್ದು ಡಿಎನ್‌ಎ. ಹಿಂದೆ ಕಣ್ಣಿಗೆ ಕಾಣುವ ರೂಪ ನೋಡಿ ವಿಂಗಡಿಸುತ್ತಿದ್ದರು. ಈ ಶತಮಾನದಲ್ಲಿ ಜೀನುಗಳನ್ನು ಓದಿ ವಂಶವೃಕ್ಷ ಬರೆಯುವುದು ಸುಲಭವಾಯಿತು. ಹಾಗೆ ಬರೆದಾಗ ಕಾಟ್ಲಾ ಬೇರೆ ಕೊಂಬೆಯಲ್ಲಿ ಇರಲೇ ಇಲ್ಲ. ಲೇಬಿಯೊ ಕೊಂಬೆಯ ಒಳಗೇ, ಉಳಿದ ಲೇಬಿಯೊಗಳ ನಡುವೆ ಕೂತಿತ್ತು. ಒಂದು ಮನೆ ನೆನೆಸಿಕೊಳ್ಳಿ. ನಾಲ್ಕು ಜನ ಅಣ್ಣತಮ್ಮಂದಿರು. ಮೂರನೆಯವನು ನೋಡಲು ಬೇರೆ ಥರ, ಉಣ್ಣೋದು ಬೇರೆ, ರೇಷನ್ ಕಾರ್ಡೂ ಬೇರೆ ಮಾಡಿಸಿದ್ದಾನೆ. ಹಾಗಂತ ವಂಶವೃಕ್ಷ ಬರೆಯುವಾಗ ಅವನನ್ನು ಬಿಡಕ್ಕಾಗುತ್ತಾ? ಬಿಟ್ಟರೆ ಆ ಪಟ್ಟಿಯೇ ತಪ್ಪು. ಲೇಬಿಯೊ ಎಂಬ ಮನೆತನಕ್ಕೆ ಹೆಸರು ಬಂದದ್ದು 1816ರ ಸುಮಾರಿಗೆ, ಕ್ಯುವಿಯೇ ಅವರಿಂದ. ಗಿಬೆಲಿಯನ್, ಕಾಟ್ಲ ಎರಡಕ್ಕಿಂತ ಹಳೆಯದು. ಹಾಗಾಗಿ ಮೂರನ್ನೂ ಒಂದು ಮಾಡಿದರೆ ಉಳಿಯುವ ಹೆಸರು ಲೇಬಿಯೊ. ಈಚಿನ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣೋದು ಇದೇ.

ಹಾಗಾದರೆ ಆ ದೊಡ್ಡ ತಲೆ, ಮೇಲ್ಮುಖದ ಬಾಯಿ? ಅದು ಊಟದ ರೀತಿಯಿಂದ ಬಂದದ್ದು. ರೋಹು ನೀರಿನ ನಡುಮಟ್ಟದಲ್ಲಿ ಮೇಯುತ್ತದೆ. ಕಾಟ್ಲಾ ಮೇಲ್ಮಟ್ಟದಲ್ಲಿ ತೇಲುವ ಸಣ್ಣ ಜೀವಿಗಳನ್ನು ನೀರಿನ ಸಮೇತ ಎಳೆದು, ಕಿವಿರಿನ ಒಳಗಿರುವ ಬಾಚಣಿಗೆಯಂಥ ಎಳೆಗಳಲ್ಲಿ ಸೋಸಿ ತಿನ್ನುತ್ತದೆ. ಆ ಕೆಲಸಕ್ಕೆ ದೊಡ್ಡ ಬಾಯಿ, ದೊಡ್ಡ ತಲೆ ಬೇಕು. ರೂಪ ಬೇಗ ಬದಲಾಗಿದೆ, ರಕ್ತ ಮಾತ್ರ ಹತ್ತಿರದ್ದೇ ಉಳಿದಿದೆ.

ಒಂದು ಸಣ್ಣ ಗುರುತು ಹೇಳಿಬಿಡುತ್ತೇನೆ, ನಿಮ್ಮ ಮಗಳಿಗೂ ಉಪಯೋಗ ಆಗುತ್ತದೆ. ಲೇಬಿಯೊ ಕಾಟ್ಲ ಆದ ಮೇಲೆ (ಹ್ಯಾಮಿಲ್ಟನ್, 1822) ಎಂದು ಕಂಸದೊಳಗೆ ಬರೆಯುತ್ತಾರೆ. ಅದೇ ನಿಮ್ಮ ಕೆರೆಯ ಸಾಮಾನ್ಯ ಗೆಂಡೆಗೆ ಸಿಪ್ರಿನಸ್ ಕಾರ್ಪಿಯೊ ಲಿನೇಯಸ್, 1758 ಎಂದು ಕಂಸ ಇಲ್ಲದೆ ಬರೆಯುತ್ತಾರೆ. ಕಂಸ ಇದ್ದರೆ, ಹೆಸರಿಟ್ಟವರು ಮೊದಲು ಈ ಮೀನನ್ನು ಬೇರೆ ಮನೆತನದಲ್ಲಿ ಇಟ್ಟಿದ್ದರು ಎಂದು ಅರ್ಥ. ಇಲ್ಲದಿದ್ದರೆ, ಅವರು ಇಟ್ಟ ಮನೆತನದಲ್ಲೇ ಇವತ್ತಿಗೂ ಇದೆ ಎಂದು. ಒಂದು ಕಂಸದಲ್ಲಿ ಇಷ್ಟು ಸುದ್ದಿ ಇರುತ್ತದೆ.

ಕಾಟ್ಲಾ ಒಂದಕ್ಕೇ ಹೀಗಾಗಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಜಿಲೇಬಿ ಅನ್ನುವ ತಿಲಾಪಿಯ ಈಗ ಒರಿಯೊಕ್ರೊಮಿಸ್. ಪಂಗಾಸ್ ಹಿಂದೆ ಪಂಗಾಸಿಯಸ್ ಸೂಚಿ ಆಗಿತ್ತು, ಈಗ ಪಂಗಾಸಿಯನೊಡಾನ್ ಹೈಪಾಫ್ತಾಲ್ಮಸ್. ಹಳೆಯ ಕಾಗದದಲ್ಲಿ ಹಳೆಯ ಹೆಸರು, ಹೊಸದರಲ್ಲಿ ಹೊಸದು. ಅಷ್ಟೇ.

ಇನ್ನು ತಳಿಯ ಹೆಸರು ಮತ್ತೊಂದು ಬಗೆ. ಭುವನೇಶ್ವರದಲ್ಲಿರುವ ಕೇಂದ್ರ ಸಿಹಿನೀರು ಮೀನುಕೃಷಿ ಸಂಸ್ಥೆಯವರು ರೋಹುವನ್ನು ಆರಿಸಿ ಆರಿಸಿ ಬೆಳೆಸಿ ‘ಜಯಂತಿ ರೋಹು’ ಮಾಡಿದರು. ಕಾಟ್ಲಾದಲ್ಲಿ ‘ಅಮೃತ ಕಾಟ್ಲಾ’ ಮಾಡಿದ್ದಾರೆ. ಭತ್ತದಲ್ಲಿ ಬೇರೆ ಬೇರೆ ತಳಿ ಇರುವ ಹಾಗೆ ಇವು. ಭತ್ತ ಭತ್ತವೇ, ಕಾಟ್ಲಾ ಕಾಟ್ಲಾವೇ. ಇವು ಕ್ರಾಸ್ ಅಲ್ಲ. ಯಾರಾದರೂ ‘ಇದು ಹೊಸ ಜಾತಿ’ ಎಂದು ಮಾರಲು ಬಂದರೆ, ಜಾತಿಯೋ ತಳಿಯೋ ಎಂದು ಕೇಳಿ.

ಈಗ ನೀರಿಗೆ ಇಳಿಯೋಣ. ನಿಮ್ಮ ಬಲೆಗೆ ಬಿದ್ದ ಕೆಲವು ಮೀನುಗಳ ತಲೆ ಚಿಕ್ಕದು ಅಂದಿರಿ. ಇದಕ್ಕೆ ಮೂರು ಕಾರಣ ಇರಬಹುದು.

ಮೊದಲನೆಯದು ಖುಷಿಯ ಕಾರಣ. ಚೆನ್ನಾಗಿ ತಿಂದ ಕಾಟ್ಲಾದ ಬೆನ್ನು ಏರುತ್ತದೆ, ಹೊಟ್ಟೆ ತುಂಬುತ್ತದೆ. ಮೈ ಅಗಲವಾದಾಗ ತಲೆ ಚಿಕ್ಕದಾಗಿ ಕಾಣುತ್ತದೆ. ಇದರ ತಿರುಗುಮುರುಗು ಇನ್ನೂ ಸಾಮಾನ್ಯ. ಮೇವಿಲ್ಲದ ಕೆರೆಯ ಕಾಟ್ಲಾ ಬರೀ ತಲೆ, ಹಿಂದೆ ಒಣಗಿದ ಮೈ. ಅದನ್ನು ನೋಡಿ ರೈತರು ‘ನೋಡಿ ಸರ್, ಎಂಥಾ ಅಸಲಿ ತಲೆ’ ಎಂದು ನನಗೆ ಹೆಮ್ಮೆಯಿಂದ ತೋರಿಸಿದ್ದುಂಟು. ಪಾಪ, ಅದು ಹಸಿದ ಮೀನು. ಹಾಗಾಗಿ ಬರೀ ತಲೆಯ ಗಾತ್ರ ನೋಡಿ ಏನೂ ತೀರ್ಮಾನ ಮಾಡಬೇಡಿ.

ಎರಡನೆಯದು, ಎಣಿಸಿ ತುಂಬುವಾಗ ಕಾಟ್ಲಾ ಮರಿಯ ಚೀಲಕ್ಕೆ ರೋಹು ಮರಿ ಸೇರಿರಬಹುದು. ಅರ್ಧ ಇಂಚು, ಒಂದಿಂಚಿನ ಮರಿಗಳನ್ನು ಗಡಿಬಿಡಿಯಲ್ಲಿ ಎಣಿಸುವಾಗ ಹೀಗಾಗುತ್ತದೆ. ನೀವು ರೋಹುವನ್ನೂ ಬಿಟ್ಟಿರೋದರಿಂದ ಇದರಿಂದ ದೊಡ್ಡ ನಷ್ಟ ಇಲ್ಲ.

ಮೂರನೆಯದೇ ನಿಮ್ಮ ಭಯ, ಕ್ರಾಸ್. ಇದು ಹೇಗೆ ಆಗುತ್ತದೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನನಗೂ ತುಂಬಾ ದಿನದಿಂದ ಚಿಂತೆಯ ವಿಷಯ. ಕಾಟ್ಲಾ, ರೋಹು, ಮೃಗಾಲ್ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮುಂಗಾರಿನಲ್ಲಿ ನದಿ ಉಕ್ಕಿ ಹರಿಯಬೇಕು. ಅದಕ್ಕೇ ಹಿಂದೆ ನದಿಯಿಂದಲೇ ಮರಿ ಹಿಡಿದು ತರುತ್ತಿದ್ದರು. 1957ರ ಜುಲೈ 10ರಂದು ಒಡಿಶಾದ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತೇವೆ. ನಿಮ್ಮ ಕೆರೆಗೆ ಮರಿ ಸಿಗುತ್ತಿರೋದೇ ಆ ಕೆಲಸದಿಂದ.

ಈಗಿನ ಹ್ಯಾಚರಿಗಳಲ್ಲಿ, ಅಂದರೆ ಮರಿ ಮಾಡಿಸುವ ಕೇಂದ್ರಗಳಲ್ಲಿ, ದುಂಡನೆಯ ಸಿಮೆಂಟ್ ತೊಟ್ಟಿಯಲ್ಲಿ ನೀರು ಸುತ್ತುತ್ತಿರುತ್ತದೆ. ಸಂಜೆ ಇಂಜೆಕ್ಷನ್ ಕೊಟ್ಟು ಬಿಟ್ಟರೆ ರಾತ್ರಿ ಮೊಟ್ಟೆ. ಮೀನಿನಲ್ಲಿ ಹೆಣ್ಣು ಮೊಟ್ಟೆಯನ್ನು ನೀರಿಗೆ ಬಿಡುತ್ತದೆ, ಗಂಡು ತನ್ನ ಹಾಲನ್ನು ನೀರಿಗೆ ಬಿಡುತ್ತದೆ. ಎರಡೂ ಸೇರೋದು ಹೊರಗೆ, ನೀರಿನಲ್ಲಿ. ಆ ತೊಟ್ಟಿಯಲ್ಲಿ ಕಾಟ್ಲಾ, ರೋಹು ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾರ ಹಾಲು ಯಾರ ಮೊಟ್ಟೆಗೆ ಅಂತ ತಡೆಯುವವರು ಯಾರು? ಎರಡಕ್ಕೂ ವರ್ಣತಂತುಗಳು, ಅಂದರೆ ಜೀನುಗಳನ್ನು ಹೊರುವ ಎಳೆಗಳು, ತಲಾ 50. ಸಂಬಂಧ ಹತ್ತಿರದ್ದು. ಮರಿ ಆಗಿಯೇ ಆಗುತ್ತದೆ. ಬೇರೆ ಎಷ್ಟೋ ಕ್ರಾಸ್‌ಗಳಂತೆ ಬಂಜೆಯೂ ಅಲ್ಲ, ಮುಂದೆ ಅದೂ ಮರಿ ಮಾಡುತ್ತದೆ. ತೊಂದರೆ ಇರೋದು ಅಲ್ಲೇ.

ಬೇಕೆಂದೇ ಹೀಗೆ ಮಾಡುವವರು ಕಡಿಮೆ. ನಾನು ನೋಡಿದ ಹ್ಯಾಚರಿಗಳಲ್ಲಿ ಕಾರಣ ಬೇರೆಯೇ ಇತ್ತು. ಸೀಸನ್ ಇರೋದು ಮುಂಗಾರಿನ ಎರಡು ಮೂರು ತಿಂಗಳು. ತೊಟ್ಟಿ ಒಂದೇ. ನೀರು ಕಮ್ಮಿ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಹೊರಗೆ ರೈತರು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಕಾಟ್ಲಾ ಗಂಡು ಸಾಕಷ್ಟು ಪಕ್ವ ಆಗಿಲ್ಲ. ‘ಇವತ್ತೊಂದು ರಾತ್ರಿ ಎರಡನ್ನೂ ಒಟ್ಟಿಗೆ ಬಿಡೋಣ’ ಅನ್ನುತ್ತಾರೆ. ನಾನಿದ್ದ ಒಂದು ಕಡೆ ಹೀಗೇ ಆಯಿತು. ಬೇಡ ಎಂದು ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಆ ಮರಿಗಳಲ್ಲಿ ಕೆಲವು ಬೆಳೆದು ಎರಡು ವರ್ಷದ ಮೇಲೆ ಅಲ್ಲಿಯೇ ತಾಯಿಮೀನುಗಳ ಕೊಳಕ್ಕೆ ಬಂದವು. ಕಾಟ್ಲಾ ಎಂದೇ ಎಣಿಸಿ ಅವಕ್ಕೂ ಇಂಜೆಕ್ಷನ್ ಕೊಡುತ್ತಿದ್ದರು. ಅವತ್ತು ನನಗೆ ಹೊಟ್ಟೆಯೊಳಗೆ ಸಂಕಟ ಆದದ್ದು ಇನ್ನೂ ನೆನಪಿದೆ. ಇಂಥ ಕಡೆ ಕಾಗದದಲ್ಲಿ ಹೆಸರು ಮಾತ್ರ ಸರಿಯಾಗಿಯೇ ಇರುತ್ತದೆ. ಕಾಟ್ಲ ಕಾಟ್ಲ ಅಂತಲೇ ಬರೆದಿರುತ್ತಾರೆ. ಹೆಸರು ಬದಲಾದರೆ ಮೀನು ಬದಲಾಗೋದಿಲ್ಲ ಎಂದು ಮೇಲೆ ಹೇಳಿದೆ. ಇಲ್ಲಿ ಆಗಿರೋದು ಅದರ ಉಲ್ಟಾ, ಮತ್ತು ಇದೇ ಹೆಚ್ಚು ಅಪಾಯ.

ಹಾಗಂತ ಕ್ರಾಸ್ ಮೀನು ವಿಷವಲ್ಲ. ತಿನ್ನಬಹುದು, ಮಾರಬಹುದು. ವಿಜ್ಞಾನಿಗಳೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕಾಟ್ಲಾದ ಬೆಳವಣಿಗೆ, ರೋಹುವಿನ ಚಿಕ್ಕ ತಲೆ ಎರಡೂ ಒಂದರಲ್ಲೇ ಸಿಕ್ಕರೆ ಮಾಂಸ ಜಾಸ್ತಿ ಆಗುತ್ತದಲ್ಲ ಅನ್ನೋದು ಅವರ ಆಸೆ. ನಮ್ಮ ರಾಜ್ಯದಲ್ಲೂ ಕಾಟ್ಲಾವನ್ನು ಲೇಬಿಯೊ ಫಿಂಬ್ರಿಯೇಟಸ್ ಜೊತೆ ಕ್ರಾಸ್ ಮಾಡಿ ಬೆಳವಣಿಗೆ ಅಳೆದಿದ್ದಾರೆ. ಗೊತ್ತಿದ್ದು, ಲೆಕ್ಕ ಇಟ್ಟು ಮಾಡುವುದು ಬೇರೆ. ಗೊತ್ತಿಲ್ಲದೆ ಬೆರಕೆ ಆಗೋದು ಬೇರೆ. ರೈತನಿಗೆ ಇದರಿಂದ ಆಗುವ ನಷ್ಟ ಹೀಗೆ: ಕಾಟ್ಲಾ ಮೇಲೆ, ರೋಹು ನಡುವೆ, ಗೆಂಡೆ ತಳದಲ್ಲಿ ಮೇಯುತ್ತವೆ ಎಂಬ ಲೆಕ್ಕದ ಮೇಲೇ ನೀವು ಮೂರನ್ನೂ ಸೇರಿಸಿ ಬಿಟ್ಟಿದ್ದೀರಿ. ಬೆರಕೆ ಮೀನು ಎರಡರ ಮಧ್ಯೆ ಮೇಯುತ್ತದೆ. ಮೇಲಿನ ಮೇವು ಪೂರ್ತಿ ಬಳಕೆ ಆಗೋದಿಲ್ಲ, ರೋಹುವಿನ ಜೊತೆ ಪೈಪೋಟಿ ಜಾಸ್ತಿ. ಇನ್ನೂ ದೊಡ್ಡ ನಷ್ಟ ಮುಂದಿನ ತಲೆಮಾರಿನದು. ಬೆರಕೆಯ ಮೇಲೆ ಬೆರಕೆ ಆಗುತ್ತಾ ಹೋದರೆ ಶುದ್ಧ ಕಾಟ್ಲಾ ಎಲ್ಲಿ ಹುಡುಕೋದು?

ನಿಮ್ಮ ಮೀನನ್ನು ನೀವೇ ಪರೀಕ್ಷೆ ಮಾಡಬಹುದು. ಬಲೆ ಹಾಕಿ, ಒದ್ದೆ ಕೈಯಲ್ಲಿ ಹಿಡಿದು, ಬಾಯಿ ನೋಡಿ. ಕಾಟ್ಲಾದ ಕೆಳದವಡೆ ಮುಂದಕ್ಕೆ ಬಂದಿರುತ್ತದೆ, ಬಾಯಿ ಆಕಾಶ ನೋಡುತ್ತಿರುತ್ತದೆ. ತುಟಿ ನಯ, ಅಂಚಿನಲ್ಲಿ ಕುಚ್ಚು ಇಲ್ಲ. ಮೀಸೆ ಇಲ್ಲವೇ ಇಲ್ಲ. ರೋಹುವಿನ ಬಾಯಿ ಮೂತಿಯ ಕೆಳಗೆ. ತುಟಿಯ ಅಂಚಿನಲ್ಲಿ ಸೆರಗಿನ ಕುಚ್ಚಿನಂತೆ ಸಣ್ಣ ಸಣ್ಣ ಎಳೆ. ಬಾಯಿಯ ಮೂಲೆಯ ಮಡಿಕೆಯಲ್ಲಿ ದಾರದಂಥ ಪುಟ್ಟ ಮೀಸೆ ಅಡಗಿರುತ್ತದೆ, ಉಗುರಿನಿಂದ ಬಿಡಿಸಿದರೆ ಕಾಣುತ್ತದೆ. ಕ್ರಾಸ್ ಇವೆರಡರ ನಡುವೆ. ಬಾಯಿ ಮೇಲಕ್ಕೂ ಅಲ್ಲ ಕೆಳಕ್ಕೂ ಅಲ್ಲ, ನೆಟ್ಟಗೆ ಮುಂದಕ್ಕೆ. ತುಟಿಯಲ್ಲಿ ಕುಚ್ಚಿನ ಸುಳಿವು ಇರಬಹುದು, ಮೀಸೆಯ ತುಣುಕೂ ಇರಬಹುದು. ಸತ್ತ ಮೀನು ಸಿಕ್ಕರೆ ಕಿವಿರಿನ ಮುಚ್ಚಳ ಎತ್ತಿ ನೋಡಿ. ಕಾಟ್ಲಾದಲ್ಲಿ ಒಳಗಿನ ಬಾಚಣಿಗೆಯ ಎಳೆಗಳು ಉದ್ದ, ನಯ, ಒತ್ತೊತ್ತು. ಕೈಬೆರಳಿನಷ್ಟು ದೊಡ್ಡದಾಗುವ ಮೊದಲು ಈ ಪರೀಕ್ಷೆ ನಂಬಬೇಡಿ. ನಿಮ್ಮವು ಆರು ತಿಂಗಳ ಮೀನು, ಚೆನ್ನಾಗಿ ಕಾಣುತ್ತದೆ.

ಒಂದು ಮಾತು ಮುಚ್ಚಿಡಲಾರೆ. ಇದು ಮೊದಲ ತಲೆಮಾರಿನ ಕ್ರಾಸ್‌ಗೆ ಮಾತ್ರ ಸರಿ. ಆ ಕ್ರಾಸ್ ಮತ್ತೆ ಕಾಟ್ಲಾದ ಜೊತೆ ಸೇರಿ ಹುಟ್ಟಿದ ಮರಿ ನೋಡಲು ಕಾಟ್ಲಾದಂತೆಯೇ ಇರಬಹುದು. ಅದನ್ನು ಡಿಎನ್‌ಎ ಪರೀಕ್ಷೆ ಬಿಟ್ಟರೆ ಕಣ್ಣಿನಲ್ಲಿ ಹಿಡಿಯಲು ನನಗೂ ಆಗೋದಿಲ್ಲ.

ಈಗ ಏನು ಮಾಡಬೇಕು ಅನ್ನೋದು. ಅರ್ಜಿಯಲ್ಲಿ ‘ಕಾಟ್ಲಾ – ಲೇಬಿಯೊ ಕಾಟ್ಲ’ ಎಂದು ಬರೆದು, ಪಕ್ಕದಲ್ಲಿ ‘ಹಳೆಯ ಹೆಸರು ಕಾಟ್ಲ ಕಾಟ್ಲ’ ಎಂದು ಸೇರಿಸಿ. ರಸೀದಿ ಜೊತೆ ತಾಳೆ ನೋಡುವವರಿಗೆ ಗೊಂದಲ ಇರೋದಿಲ್ಲ. ಆದರೂ ಕೇಳಿದರೆ ತಾಲ್ಲೂಕು ಮೀನುಗಾರಿಕೆ ಇಲಾಖೆಯವರಿಂದ ಎರಡೂ ಒಂದೇ ಎಂದು ಒಂದು ಸಾಲು ಬರೆಸಿಕೊಡಿ. ರಸೀದಿಯನ್ನು ಮಾತ್ರ ನೀವೇ ತಿದ್ದಬೇಡಿ. ಹೆಸರು ಸರಿ ಮಾಡುತ್ತೇನೆ ಎಂದು ತಿದ್ದಿದ ಕಾಗದವೇ ಆಮೇಲೆ ತೊಂದರೆ ಕೊಡುತ್ತದೆ.

ಕೆರೆ ಖಾಲಿ ಮಾಡಿ ಹೊಸ ಮರಿ ಬಿಡುವ ಯೋಚನೆ ಬಿಟ್ಟುಬಿಡಿ. ಆರು ತಿಂಗಳ ಮೇವು, ಕೂಲಿ, ಗುತ್ತಿಗೆಯ ದುಡ್ಡು ನೀರಿಗೆ ಹೋಗುತ್ತದೆ. ಈ ಹೊತ್ತಿನಲ್ಲಿ ಒಳ್ಳೆಯ ಮರಿಯೂ ಸಿಗೋದಿಲ್ಲ, ಬೇಸಿಗೆಗೆ ನೀರೂ ಇಳಿಯುತ್ತದೆ. ಇರುವುದನ್ನೇ ಬೆಳೆಸಿ. ಬಲೆ ಹಾಕಿದಾಗಲೆಲ್ಲ ಅನುಮಾನದ ಮೀನನ್ನು ಆರಿಸಿ ಮೊದಲು ಮಾರಾಟಕ್ಕೆ ತೆಗೆಯಬಹುದು. ಆದರೆ ಅದಕ್ಕಾಗಿಯೇ ಪದೇ ಪದೇ ಎಳೆಬಲೆ ಹಾಕಿದರೆ ಉಳಿದ ಮೀನಿನ ಹುರುಪೆ ಕಿತ್ತು ರೋಗ ಬರುತ್ತದೆ. ವ್ಯಾಪಾರಿ ‘ಇದು ಕಾಟ್ಲಾ ಅಲ್ಲ’ ಎಂದು ಕಿಲೋಗೆ ನಾಲ್ಕು ರೂಪಾಯಿ ಕಮ್ಮಿ ಕೇಳಬಹುದು. ಅದೊಂದು ಅಪಾಯ ಇದ್ದೇ ಇದೆ. ಎರಡು ಕೆಲಸ ಮಾತ್ರ ಮಾಡಬೇಡಿ: ಇವುಗಳನ್ನು ತಾಯಿಮೀನು ಎಂದು ಯಾವ ಹ್ಯಾಚರಿಗೂ ಕೊಡಬೇಡಿ, ಮತ್ತು ಉಳಿದವನ್ನು ನಾಲೆಗೋ ಹೊಳೆಗೋ ಬಿಡಬೇಡಿ. ಕೋಡಿಗೆ ಜಾಲರಿ ಕಟ್ಟಿ.

ಹೊಳೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹೆಸರಿನ ಗೊಂದಲದಿಂದ ನಿಜವಾಗಿ ನಷ್ಟ ಆಗೋದೂ ಉಂಟು, ಅದು ಕಾಟ್ಲಾದಲ್ಲಿ ಅಲ್ಲ, ಮೃಗಾಲ್‌ನಲ್ಲಿ. ನಾವು ಕೆರೆಗೆ ಬಿಡುವುದು ಗಂಗೆಯ ಸಿರೈನಸ್ ಮೃಗಾಲ. ದಕ್ಷಿಣದಲ್ಲಿ, ನಮ್ಮ ಕಾವೇರಿಯಲ್ಲಿ, ಅದರ ನಂಟಿನ ಸಿರೈನಸ್ ಸಿರೋಸಸ್ ಎಂಬ ಮೀನಿದೆ. ಬ್ಲಾಕ್ ಎಂಬ ತಜ್ಞ 1795ರಲ್ಲೇ ಅದಕ್ಕೆ ಹೆಸರಿಟ್ಟಿದ್ದರು. ನಡುವೆ ಕೆಲವು ಪಟ್ಟಿಗಳಲ್ಲಿ ಎರಡನ್ನೂ ಒಂದೇ ಎಂದು ಸೇರಿಸಿ, ಹಳೆಯದಾದ ಸಿರೋಸಸ್ ಹೆಸರನ್ನೇ ಎರಡಕ್ಕೂ ಕೊಟ್ಟರು. ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ಕೆರೆಕೆರೆಯಲ್ಲೂ ಇರುವ ಸಾಕಿದ ಮೃಗಾಲ್ ಎಲ್ಲ ಸಿರೋಸಸ್ ಲೆಕ್ಕಕ್ಕೆ ಸೇರುತ್ತದೆ. ಕಾವೇರಿಯ ಮೀನು ಕಮ್ಮಿ ಆಗುತ್ತಿದ್ದರೂ ಕಾಗದದಲ್ಲಿ ಸಮೃದ್ಧಿ ಕಾಣುತ್ತದೆ. ಅದರ ಮೇಲೆ ನಾವೇ ಬಿಟ್ಟ ಮೃಗಾಲ್ ಅದೇ ಹೊಳೆಗೆ ನುಗ್ಗಿ, ಅದೇ ಮೇವಿಗೆ ಬಾಯಿ ಹಾಕುತ್ತದೆ. ನಿಮ್ಮ ಪಕ್ಕದಲ್ಲೇ ಹರಿಯುವ ಹೊಳೆಯ ಸ್ವಂತ ಮೀನು ಅದು. ಕೋಡಿಗೆ ಜಾಲರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬರುವ ಮುಂಗಾರಿಗೆ ಮರಿ ತರುವಾಗ ಒಂದು ದಿನ ಮೊದಲೇ ಹ್ಯಾಚರಿಗೆ ಹೋಗಿ. ಕಾಟ್ಲಾ, ರೋಹುವನ್ನು ಬೇರೆ ಬೇರೆ ದಿನ ಅ​ಥವಾ ಬೇರೆ ತೊಟ್ಟಿಯಲ್ಲಿ ಮರಿ ಮಾಡಿಸುತ್ತೀರಾ ಎಂದು ಕೇಳಿ. ತಾಯಿಮೀನು ತೋರಿಸಿ ಎನ್ನಿ, ತೋರಿಸಿದರೆ ಬಾಯಿ ನೋಡಿ. ತಾಯಿಮೀನು ಎಲ್ಲಿಂದ ತಂದದ್ದು, ಎಷ್ಟು ವರ್ಷಕ್ಕೊಮ್ಮೆ ಬದಲಿಸುತ್ತೀರಿ ಎಂದೂ ಕೇಳಿ. ಚೆನ್ನಾಗಿ ಕೆಲಸ ಮಾಡುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳೋದಿಲ್ಲ, ಖುಷಿಯಿಂದ ಹೇಳುತ್ತಾರೆ. ದುಡ್ಡಿಗೆ ಅನುಕೂಲ ಇದ್ದರೆ ಸಣ್ಣ ಮರಿಯ ಬದಲು ಮೂರು ನಾಲ್ಕು ಇಂಚಿನ ಬಲಿತ ಮರಿ ತನ್ನಿ. ಬೆಲೆ ಜಾಸ್ತಿ, ಸಾಗಿಸೋದೂ ಕಷ್ಟ. ಆದರೆ ಬದುಕುವುದು ಹೆಚ್ಚು, ತಲೆ, ಬಾಯಿ ನೋಡಿ ಆರಿಸಲೂಬಹುದು. ರಸೀದಿಯಲ್ಲಿ ಜಾತಿ, ಸಂಖ್ಯೆ, ಗಾತ್ರ, ದಿನಾಂಕ ನಾಲ್ಕೂ ಬರೆಸಿಕೊಳ್ಳಿ. ಲೇಬಿಯೊ ಅಂತ ಬರೆದರೂ ಸರಿ, ಕಾಟ್ಲ ಕಾಟ್ಲ ಅಂದರೂ ಸರಿ.

ಅದಕ್ಕೆ ಮುಂಚೆ ಇನ್ನೊಂದು ಸಲ ಬೀಸುಬಲೆ ಹಾಕಿ, ಈ ಸಲ ಮಗಳನ್ನೂ ಕರೆದುಕೊಂಡು ಹೋಗಿ. ಬೆಳಗಿನ ತಂಪಿನಲ್ಲಿ, ಕೆರೆಯ ಮೂರು ನಾಲ್ಕು ಕಡೆಯಿಂದ, ಕಾಟ್ಲಾ ಎಂದು ನೀವು ಎಣಿಸುವ ಐವತ್ತು ಮೀನು ಹಿಡಿಯಿರಿ. ಒಂದೊಂದಕ್ಕೂ ಬಾಯಿ ಮೇಲಕ್ಕೋ ಮುಂದಕ್ಕೋ ಕೆಳಕ್ಕೋ, ತುಟಿಗೆ ಕುಚ್ಚು ಇದೆಯೋ ಇಲ್ಲವೋ, ಮೀಸೆ ಇದೆಯೋ ಇಲ್ಲವೋ ಎಂದು ಅವಳು ಬರೆದುಕೊಳ್ಳಲಿ. ಅನುಮಾನ ಬಂದದ್ದರ ಮುಖವನ್ನು ಪಕ್ಕದಿಂದ, ಬಾಯಿ ಮುಚ್ಚಿರುವಾಗ, ಫೋಟೊ ತೆಗೆಯಿರಿ. ಐವತ್ತರಲ್ಲಿ ಎಷ್ಟು ಎಂದು ಗೊತ್ತಾದ ಮೇಲೆ ಆ ಪಟ್ಟಿಯನ್ನೂ ಫೋಟೊಗಳನ್ನೂ ನನಗೆ ಕಳಿಸಿ, ಒಂದೊಂದಾಗಿ ನೋಡಿ ಹೇಳುತ್ತೇನೆ.